ಕತ್ತಿನ ಎತ್ತರಕ್ಕೆ

ಹುಂಗರ್‌ಬುರ್ಗ್ ಮೇಲಿನ ಮನೆ, ಇನ್ಸ್‌ಬ್ರುಕ್
13 ಜೂನ್ 1994

ಕಾಸಿ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನಾವಿಲ್ಲಿ ಬೇಸಿಗೆಯಲ್ಲಿ ಬೆವರು ಸುರಿಸುವಾಗ ನೀನು ಭೂಮಿಯ ಆ ತುದಿಯಲ್ಲಿ ಇನ್ನೊಂದು ಚಳಿಗಾಲ ಹುಡುಕಿಕೊಂಡು ಹೋಗಿ ಸಾಹುಕಾರರ ಮಕ್ಕಳಿಗೆ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಿದ್ದೀಯ. ನಿನ್ನಂಥವರು ಚೆನ್ನಾಗಿರದೆ ಇನ್ನೇನು. ಫೋನ್ ಮಾತ್ರ ಮಾಡಬೇಡ. ಊಟದ ಕೋಣೆಯಲ್ಲಿ ನಿಂತು ಮಾತಾಡಿದರೆ ಗಿರಾಕಿಗಳೆಲ್ಲ ಚಮಚ ಕೆಳಗಿಟ್ಟು ಕೇಳುತ್ತಾರೆ. ಕಾಗದ ಬರೆ. ನಿನ್ನ ಕಾಗದವನ್ನು ಅಪ್ಪನಿಗೆ ಊಟದ ಹೊತ್ತಿಗೆ ಗಟ್ಟಿಯಾಗಿ ಓದುವುದು ಈಗಲೂ ನನ್ನದೇ ಕೆಲಸ. ಬಾಯಲ್ಲಿ ತುತ್ತಿಟ್ಟುಕೊಂಡು ಅಗಿಯುವುದನ್ನೇ ಮರೆಯುತ್ತಾರೆ.

ಸೀಸನ್ ಶುರುವಾಗಿದೆ. ಪೇಟೆಯಲ್ಲಿ ಬಂಗಾರದ ಚಾವಣಿ ನೋಡಿ, ಅದರ ಕೆಳಗೆ ಫೋಟೊ ಹೊಡೆಸಿಕೊಂಡು, ಹಗ್ಗದ ರೈಲಿನಲ್ಲಿ ಹುಂಗರ್‌ಬುರ್ಗಿಗೆ ಬಂದು, ಅಲ್ಲಿಂದ ಏದುಸಿರು ಬಿಡುತ್ತ ನಮ್ಮ ಮನೆಗೆ ಹತ್ತುವವರು ಯಾವಾಗಲೂ ಇದ್ದರು. ಅವರಿಂದಲೇ ನಮ್ಮ ಒಲೆ ಉರಿಯುವುದು, ನಾನು ದೂರುವುದಿಲ್ಲ. ಈ ವರ್ಷದ್ದು ಬೇರೆ ಜಾತಿ. ಕೆಳಗೆ ಯಾರೋ ದಪ್ಪ ಚಕ್ರದ ಸೈಕಲ್ಲುಗಳನ್ನು ಬಾಡಿಗೆಗೆ ಕೊಡುತ್ತಿದ್ದಾರೆ. ಅದನ್ನು ಮೇಲೆ ತಂದು ನಮ್ಮ ಕಾಲುದಾರಿಯಲ್ಲಿ ಕಣ್ಣುಮುಚ್ಚಿ ಕೆಳಗೆ ಬಿಡುತ್ತಾರೆ. ಕಾಡಿನ ದಾರಿಯಲ್ಲಿ ಸೈಕಲ್ ಹೊಡೆಯುವಂತಿಲ್ಲ ಎಂದು ಕಾನೂನಿದೆ, ಹಲಗೆಯೂ ಇದೆ. ಹಲಗೆಗೆ ಸೈಕಲ್ ಒರಗಿಸಿ ಉಚ್ಚೆ ಹೊಯ್ಯುತ್ತಾರೆ.

ಮೊನ್ನೆ ಅಪ್ಪ ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದರು. ತಿರುವಿನಿಂದ ಮೂವರು ಒಟ್ಟಿಗೆ ಇಳಿದರು. ಮೊದಲನೆಯವನು ಅಪ್ಪನನ್ನು ಬಂಡೆಗೆ ಒಗೆದ. ಎರಡು ಪಕ್ಕೆಲುಬು ಮುರಿದಿವೆ. ಎರಡನೆಯವನು ಬಿಳಿ ಮೇಕೆಯ ಮೇಲೆ ಹೋದ. ಅದರ ಮುಂಗಾಲೆರಡೂ ಚರ್ಮದಲ್ಲಿ ಜೋತಾಡುತ್ತಿದ್ದವು. ಮೂರನೆಯವನು ನಿಂತು ನೋಡಿ ನಕ್ಕು ಹೋದನಂತೆ. ಅಪ್ಪ ಉಸಿರು ಹಿಡಿದುಕೊಂಡೇ ಚಾಕು ತೆಗೆದು ಮೇಕೆಯ ಕತ್ತು ಕೊಯ್ದು, ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದರು. ಅಂಗಿಯ ತುಂಬ ರಕ್ತ. ಅವರದ್ದೋ ಮೇಕೆಯದ್ದೋ ಎಂದು ತಿಳಿಯದೆ ನಾನು ಕಿರುಚಿಕೊಂಡೆ. ಊಟಕ್ಕೆ ಕೂತಿದ್ದ ಮುದುಕ ದಂಪತಿ ಸೂಪು ಬಿಟ್ಟು ಎದ್ದುಹೋದರು.

ಪಕ್ಕದ ಮನೆಯ ವಿಗಿಲ್ ಓಡಿಹೋಗಿ ಡಾಕ್ಟರನ್ನು ಕರೆತಂದ. ಅಪ್ಪ ಮಾತಾಡುತ್ತಿಲ್ಲ. ಬೇಟೆಯ ಬಂದೂಕನ್ನು ದಿನಕ್ಕೊಂದು ಸಲ ಬಿಚ್ಚಿ ಒರೆಸಿ ಮತ್ತೆ ಜೋಡಿಸುತ್ತಾರೆ. ಅವರ ಮನಸ್ಸು ಹಗುರವಾಗುವ ಹಾಗೆ ಏನಾದರೂ ಬರೆ. ನಿನ್ನ ತಮಾಷೆಗೆ ಮಾತ್ರ ಅವರು ನಗುವುದು.

ನಿನ್ನ ಅಕ್ಕ,
ಬುರ್ಗಿ


ವಾನಾಕ, ನ್ಯೂಜಿಲೆಂಡ್
24 ಜೂನ್ 1994

ಅಕ್ಕ,

ಕಾಗದ ಓದಿದಾಗ ಕೈಯಲ್ಲಿ ಬಿಯರ್ ಇತ್ತು. ಗೋಡೆಗೆ ಒಗೆದೆ. ಪಕ್ಕದಲ್ಲಿದ್ದ ಕುರಿ ಸಾಕುವವನೊಬ್ಬ ಏನೋ ಅಂದ, ಅವನ ಎರಡು ಹಲ್ಲು ಹೋದವು. ಹೋಟೆಲಿನವರು ನನ್ನನ್ನು ಹೊರಗೆ ಹಾಕಿದರು. ಈಗ ಕೋಣೆಯಲ್ಲಿ ಕೂತು ಊದಿಕೊಂಡ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ.

ನಾನು ಅಲ್ಲಿರಬೇಕಿತ್ತು. ಆ ಮೂವರನ್ನೂ ಅವರವರ ಸೈಕಲ್ಲಿಗೇ ಸುತ್ತಿ ಕೆಳಗೆ ಉರುಳಿಸುತ್ತಿದ್ದೆ, ಇನ್ ನದಿಯವರೆಗೂ ನಿಲ್ಲುತ್ತಿರಲಿಲ್ಲ.

ಅಪ್ಪನಿಗೆ ಇದನ್ನು ಓದು. ಅಪ್ಪಾ, ಬಂದೂಕು ಒರೆಸಿ ಏನು ಪ್ರಯೋಜನ? ಗುಂಡಿಗೆ ದುಡ್ಡು ಬೇಕು. ಬೇಲಿ ತಂತಿ ಒಂದು ಸುರುಳಿ ಸಾಕು. ತಿರುವಿನಲ್ಲಿ ಎರಡು ಫರ್ ಮರದ ನಡುವೆ ಕತ್ತಿನ ಎತ್ತರಕ್ಕೆ ಬಿಗಿದು ಕಟ್ಟಿ, ಮೇಲೆ ಕೂತು ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ ಕೊಯ್ದುಕೊಂಡು ತಿನ್ನುತ್ತಿರಿ. ತಲೆ ಒಂದು ಕಡೆ, ಸೈಕಲ್ ಒಂದು ಕಡೆ. ಸೈಕಲ್ ಇಟ್ಟುಕೊಳ್ಳಿ, ತಲೆಯನ್ನು ಪೇಟೆಗೆ ವಾಪಸ್ ಕಳಿಸಿ. ಬಾಡಿಗೆ ಅಂಗಡಿಯವನು ಲೆಕ್ಕ ಕೇಳಿದರೆ ನನ್ನ ಹೆಸರು ಹೇಳಿ.

ನಕ್ಕರೇ? ನಕ್ಕರೆ ಪಕ್ಕೆ ನೋಯುತ್ತದೆ, ನಿಧಾನ.

ಇಲ್ಲಿ ಹಿಮ ಚೆನ್ನಾಗಿ ಬಿದ್ದಿದೆ. ನನ್ನ ಶಿಷ್ಯರು ದಿನಾ ಬೀಳುತ್ತಾರೆ.

ಕಾಸಿಯಾನ್


ಹುಂಗರ್‌ಬುರ್ಗ್ ಮೇಲಿನ ಮನೆ
11 ಜುಲೈ 1994

ಕಾಸಿ,

ನಕ್ಕರು. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಭಾಗವನ್ನು ಇನ್ನೊಂದು ಸಲ ಓದಿಸಿದರು. 'ಮುಂಡೇದು, ಅಲ್ಲಿ ಕೂತ್ಕೊಂಡೂ ನಗಿಸ್ತಾನೆ' ಅಂದರು. ಒಂದು ತಿಂಗಳಲ್ಲಿ ಅವರು ಆಡಿದ ಅತ್ಯಂತ ಉದ್ದದ ಮಾತು ಅದೇ. ನನಗೂ ಜೀವ ಬಂದ ಹಾಗಾಯಿತು, ನಿನ್ನ ಹಲ್ಲು ಮುರಿಯುವ ಚಟಕ್ಕೆ ಬೈಯುವುದನ್ನೂ ಮರೆತೆ.

ಆ ಖುಷಿ ಉಳಿಯಲಿಲ್ಲ. ನಿನ್ನೆ ಭಾನುವಾರ, ಮಧ್ಯಾಹ್ನ, ಅಂಗಳದ ಬೆಂಚೆಲ್ಲ ತುಂಬಿತ್ತು. ಆ ಮೂವರು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದು ಬಿಯರ್ ಕೇಳಿದರು. ಅಪ್ಪ ಅವರ ಗುರುತು ಹಿಡಿದರು. ಎದ್ದು, ಊರುಗೋಲಿನಿಂದ ಆ ನಕ್ಕವನ ಬಾಯಿಗೇ ಬಿಟ್ಟರು. ಆಮೇಲೆ ಯಾರು ಯಾರಿಗೆ ಹೊಡೆದರು ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಬೆಂಚು ಮುರಿಯಿತು. ಒಬ್ಬ ಅಪ್ಪನನ್ನು ನೆಲಕ್ಕೆ ಕೆಡವಿ ಕಟ್ಟು ಹಾಕಿದ್ದ ಪಕ್ಕೆಗೇ ಒದೆಯುತ್ತಿದ್ದ. ನಾನು ಒಲೆಯ ಮೇಲಿದ್ದ ಕಾದ ಬಾಣಲೆಯನ್ನೇ ತಂದು ಅವನ ಬೆನ್ನಿಗೆ ಬಡಿದೆ. ಸುಟ್ಟ ಬಟ್ಟೆಯ ವಾಸನೆ ಇನ್ನೂ ಮೂಗಿನಲ್ಲಿದೆ. ಹತ್ತಿ ಬಂದಿದ್ದ ಪ್ರವಾಸಿಗಳು ಮಕ್ಕಳನ್ನು ಎತ್ತಿಕೊಂಡು ಮೇಕೆ ಕೊಟ್ಟಿಗೆಗೆ ಓಡಿದರು. ಕೊನೆಗೆ ಅಪ್ಪ ತೆವಳಿಕೊಂಡು ಒಳಗೆ ಹೋಗಿ ಬಂದೂಕು ತಂದು ಆಕಾಶಕ್ಕೆ ಹಾರಿಸಿದರು. ಅವರು ಚದುರಿದರು.

ಸ್ವಲ್ಪ ಹೊತ್ತಿಗೆ ಪೊಲೀಸರು ಬಂದು ಬಂದೂಕನ್ನೂ ಬೇಟೆಯ ಪರವಾನಗಿಯನ್ನೂ ತೆಗೆದುಕೊಂಡು ಹೋದರು. ಮದುವೆಗಿಂತ ಮೊದಲಿನಿಂದ ಇದ್ದ ಪರವಾನಗಿ. ಜನ ಕೂತಿದ್ದಾಗ ಗುಂಡು ಹಾರಿಸಿದ್ದಕ್ಕೆ ಅಂತೆ. ಪೊಲೀಸರಿಗೆ ಹೇಗೆ ಗೊತ್ತಾಯಿತೋ.

ಒಂದು ಒಳ್ಳೆಯ ಸುದ್ದಿ ಇದೆ, ಹೇಳಿಬಿಡುತ್ತೇನೆ. ಯುಡಿತ್ ಎಂದು ಒಬ್ಬ ಹುಡುಗಿ ಬರುತ್ತಾಳೆ, ಪೇಟೆಯಲ್ಲಿ ಡಾಕ್ಟರಿಕೆ ಓದುತ್ತಾಳೆ. ಅವಳದ್ದೂ ಅದೇ ದಪ್ಪ ಚಕ್ರದ ಸೈಕಲ್. ಆದರೆ ನಮ್ಮ ಕಾಲುದಾರಿ ಬಂದ ಕೂಡಲೇ ಇಳಿದು ತಳ್ಳಿಕೊಂಡು ನಡೆಯುತ್ತಾಳೆ. ಮಜ್ಜಿಗೆ ಕುಡಿಯುತ್ತಾಳೆ, ಹಾಡು ಬಾರದಿದ್ದರೂ ಹಾಡುತ್ತಾಳೆ. ಅಪ್ಪ ಮೊದಲು ಅವಳ ಮುಖ ನೋಡಲೂ ಒಪ್ಪಲಿಲ್ಲ. ನಿನ್ನೆ ಗಲಾಟೆ ಮುಗಿದ ಮೇಲೆ ಬಂದವಳು ಕೇಳದೆ ಅವರ ಅಂಗಿ ಬಿಚ್ಚಿಸಿ ಪಕ್ಕೆಗೆ ಹೊಸ ಕಟ್ಟು ಹಾಕಿದಳು. 'ಅಜ್ಜ, ನೀವು ಮತ್ತೆ ಜಗಳ ಆಡೋದಾದ್ರೆ ನನ್ನ ಪರೀಕ್ಷೆ ಮುಗಿಯೋವರೆಗೂ ತಡ್ಕೊಳ್ಳಿ' ಅಂದಳು. ಅಪ್ಪ ಹ್ಞೂಂಗುಟ್ಟಿದರು.

ಬುರ್ಗಿ


ವಾನಾಕ
23 ಜುಲೈ 1994

ಅಕ್ಕ,

ಪೊಲೀಸರಿಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳುತ್ತೀಯ. ನಿನ್ನಷ್ಟು ಪೆದ್ದಿ ಆಲ್ಪ್ಸ್ ಬೆಟ್ಟದಲ್ಲೇ ಇಲ್ಲ. ಆ ಇಳಿಜಾರಿನಲ್ಲಿ ಬೇಟೆಯ ಹಕ್ಕಿರುವವರು ಇಬ್ಬರೇ, ಅಪ್ಪ ಮತ್ತು ವಿಗಿಲ್. ಅಪ್ಪನ ಪರವಾನಗಿ ಹೋದರೆ ಜಿಂಕೆಯೆಲ್ಲ ಯಾರದ್ದಾಯಿತು? ಡಾಕ್ಟರನ್ನು ಕರೆತಂದನಂತೆ, ದೊಡ್ಡ ಉಪಕಾರ. ನಾನು ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಅವನು ನನಗೆ ಗೊತ್ತು. ಮುಖದಲ್ಲಿ ಸಕ್ಕರೆ, ಜೇಬಿನಲ್ಲಿ ಚಾಕು.

ಅಪ್ಪನ ಕೈಯಿಂದ ಬಂದೂಕು ಕಿತ್ತುಕೊಂಡದ್ದನ್ನು ನಾನು ಮರೆಯುವುದಿಲ್ಲ. ಸೀಸನ್ ಮುಗಿಯಲಿ, ಬಂದು ಅವನನ್ನು ಕೇಳುತ್ತೇನೆ, ಬಾಯಿಂದಲ್ಲ.

ನಿನ್ನ ಮಜ್ಜಿಗೆ ಡಾಕ್ಟರಿಗೆ ನನ್ನ ನಮಸ್ಕಾರ ಹೇಳು. ಮದುವೆಯಾಗಿದೆಯಾ?

ಕಾಸಿಯಾನ್


ಹುಂಗರ್‌ಬುರ್ಗ್ ಮೇಲಿನ ಮನೆ
6 ಆಗಸ್ಟ್ 1994

ಕಾಸಿಯಾನ್,

ಯುಡಿತ್ ಸತ್ತುಹೋದಳು. ಗುರುವಾರ ಬೆಳಿಗ್ಗೆ. ತಿರುವಿನಲ್ಲಿ, ಎರಡು ಫರ್ ಮರಗಳ ನಡುವೆ ಯಾರೋ ಬೇಲಿ ತಂತಿ ಕಟ್ಟಿದ್ದರು.

ಮೇಲೆ ಹತ್ತಿ ಬರುತ್ತಿದ್ದ ಗಂಡ ಹೆಂಡತಿ ಮೊದಲು ನೋಡಿದ್ದು. ಹೆಂಡತಿ ನಮ್ಮ ಅಂಗಳಕ್ಕೆ ಬಂದವಳು ತಿರುವಿನ ಕಡೆ ಕೈ ತೋರಿಸಿದಳು. ನಾನು ಓಡಿದೆ. ಯುಡಿತ್‌ಳ ತಲೆ ಮೈಯಲ್ಲೇ ಇತ್ತು, ಆದರೆ ಇರಬೇಕಾದ ಹಾಗೆ ಇರಲಿಲ್ಲ. ಸೈಕಲ್ಲಿನ ಹಿಂದಿನ ಚಕ್ರ ನಿಂತಿತ್ತು, ರಕ್ತ ಕಾಲುದಾರಿಯ ಕಲ್ಲುಗಳ ಸಂದಿಯಲ್ಲಿ ಕೆಳಗೆ ಇಳಿದು ನೊಣ ಮುತ್ತಿತ್ತು. ನಾನು ಏಪ್ರನ್ ಬಿಚ್ಚಿ ಕತ್ತಿಗೆ ಹೊದಿಸಿದೆ.

ಅವಳ ತುಟಿಗಳ ನಡುವೆ ಫರ್ ಮರದ ಒಂದು ಸಣ್ಣ ಟೊಂಗೆ ಇತ್ತು. ಆಗ ತಾನೇ ಮುರಿದದ್ದು. ಪೊಲೀಸಿನವನು ವಿಯೆನ್ನಾ ಕಡೆಯವನು, ಮರದಿಂದ ಬಿದ್ದಿರಬೇಕು ಅಂದ. ಆದರೆ ಅವನ ಜೊತೆ ಬಂದ ಮುದುಕ ಪೊಲೀಸು ಇಲ್ಲಿಯವನು, ಟೋಪಿ ತೆಗೆದುಬಿಟ್ಟ. 'ಇದು ಬಿದ್ದದ್ದಲ್ಲ ಸಾರ್. ಹೊಡೆದ ಜಿಂಕೆ ಬಾಯಿಗೆ ನಾವು ಕೊನೆ ತುತ್ತು ಅಂತ ಇಡ್ತೀವಲ್ಲ, ಅದು. ಬೇಟೆಯವನೇ ಇಟ್ಟಿರೋದು' ಅಂದ. ಅಣಕಕ್ಕೆ ಇಟ್ಟಿದ್ದಾನೆ, ರಾಕ್ಷಸ ಎಂದು ವಿಯೆನ್ನಾದವನು ಬೈದ. ಮುದುಕ ಟೋಪಿಯನ್ನು ಕೈಯಲ್ಲೇ ಹಿಡಿದು ಟೊಂಗೆಯನ್ನೇ ನೋಡುತ್ತಿದ್ದ.

ತಂತಿ ವಿಗಿಲ್‌ನ ಬೇಲಿಯದ್ದು. ಅವನ ಸುರುಳಿಯಿಂದ ಕತ್ತರಿಸಿದ ತುದಿ ಸರಿಯಾಗಿ ಹೊಂದಿತು. ಅವನನ್ನು ಕರೆದುಕೊಂಡು ಹೋಗಿದ್ದಾರೆ. ಅಪ್ಪನ ಬಂದೂಕು, ಪರವಾನಗಿ ಎರಡೂ ಇಲ್ಲವಾದ್ದರಿಂದ ಅವರು ಬೇಟೆಗಾರ ಅಲ್ಲ ಎಂದು ಪೊಲೀಸರ ಲೆಕ್ಕ. ಪಕ್ಕೆ ಮುರಿದ ಮುದುಕನನ್ನು ಯಾರು ಕೇಳುತ್ತಾರೆ.

ಅಪ್ಪ ಊಟ ಮಾಡುತ್ತಿಲ್ಲ. ಗಿರಾಕಿಗಳು ಮಾತ್ರ ಎರಡರಷ್ಟು ಬರುತ್ತಿದ್ದಾರೆ. ಹುಂಗರ್‌ಬುರ್ಗಿನಲ್ಲಿ ಇಳಿದವರು ಚರ್ಚಿಗೆ ದಾರಿ ಕೇಳುವ ಹಾಗೆ ಆ ತಿರುವಿಗೆ ದಾರಿ ಕೇಳುತ್ತಾರೆ. ನನ್ನ ಹತ್ತಿರ ಸೂಪು ಕುಡಿದು, ಮರ ಯಾವುದು ಎಂದು ವಿಚಾರಿಸಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ನನಗೆ ಅವರ ಮುಖಕ್ಕೆ ಸೂಪು ಎರಚಬೇಕು ಅನ್ನಿಸುತ್ತದೆ.

ಬುರ್ಗಿ


ವಾನಾಕ
18 ಆಗಸ್ಟ್ 1994

ಅಕ್ಕ,

ನಾನು ಹೇಳಿರಲಿಲ್ಲವೇ? ವಿಗಿಲ್!

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಹುಡುಗಿಯ ಕತ್ತಿಗೆ ತಂತಿ ಕಟ್ಟುವವನು ಮನುಷ್ಯನೇ ಅಲ್ಲ. ಯಾವ ತಲೆಯಲ್ಲಿ ಇಂಥ ಯೋಚನೆ ಹುಟ್ಟುತ್ತದೋ ನನಗೆ ಅರ್ಥವಾಗುವುದಿಲ್ಲ. ಅದರ ಮೇಲೆ ಆ ಟೊಂಗೆ ಬೇರೆ. ಅಪ್ಪ ನನಗೆ ಮೊದಲ ಜಿಂಕೆಯ ದಿನ ಕಲಿಸಿದ್ದು ಅದು. ಸತ್ತ ಪ್ರಾಣಿಗೆ ಮರ್ಯಾದೆ ಕೊಡು, ಇಲ್ಲದಿದ್ದರೆ ನೀನು ಬೇಟೆಗಾರನಲ್ಲ, ಕಟುಕ ಎಂದು ಹೇಳಿ ನನ್ನ ಕೈಯಿಂದಲೇ ಇಡಿಸಿದ್ದರು. ಆ ಮರ್ಯಾದೆಯನ್ನು ಒಂದು ಹೆಣ್ಣುಮಗಳ ಮೇಲೆ ಅಣಕಕ್ಕೆ ಬಳಸಿದ್ದಾನೆ. ಅಪ್ಪನ ಹೊಟ್ಟೆ ಎಷ್ಟು ಉರಿದಿರಬೇಕು, ಊಟ ಹೇಗೆ ಸೇರೀತು?

ಸಾಕ್ಷಿ ಸಾಲದು ಎಂದು ಪೊಲೀಸರು ಅವನನ್ನು ಬಿಟ್ಟುಬಿಡುತ್ತಾರೆ, ಬರೆದಿಟ್ಟುಕೋ. ಅದಕ್ಕೇ ಅಲ್ಲಿಯ ನನ್ನ ಹಳೆಯ ಗೆಳೆಯ ಲುಯಿಸ್‌ಗೂ ನಮ್ಮ ಹುಡುಗರಿಗೂ ಇವತ್ತೇ ಬೇರೆ ಕಾಗದ ಹಾಕಿದ್ದೇನೆ. ಅವನು ಹೊರಗೆ ಬಂದರೆ ನನ್ನ ಪಾಲಿನದ್ದನ್ನೂ ಸೇರಿಸಿ ಕೊಡಿ ಎಂದು.

ಅಪ್ಪನನ್ನು ತಬ್ಬಿಕೊ. ಅವರಂಥ ನೇರ ಮನುಷ್ಯ ಆ ಬೆಟ್ಟದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಹೇಳಿದೆ ಎಂದು ಓದಿ ಹೇಳು.

ಕಾಸಿಯಾನ್


ಹುಂಗರ್‌ಬುರ್ಗ್ ಮೇಲಿನ ಮನೆ
6 ಸೆಪ್ಟೆಂಬರ್ 1994

ಕಾಸಿಯಾನ್,

ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ. ಅಪ್ಪ ತಟ್ಟೆಯನ್ನು ದೂರ ತಳ್ಳಿ ಕೊಟ್ಟಿಗೆಗೆ ಹೋಗಿ ಕೂತರು.

ಇನ್ನೊಂದು ಕಾಗದವೂ ಸರಿಯಾದ ಹೊತ್ತಿಗೇ ತಲುಪಿತು, ಖುಷಿಪಡು. ವಿಗಿಲ್‌ನನ್ನು ಬಿಟ್ಟರು. ಶನಿವಾರ ಅವನು ಹುಂಗರ್‌ಬುರ್ಗಿನಲ್ಲಿ ಹಗ್ಗದ ರೈಲು ಇಳಿದು ಬರುತ್ತಿದ್ದಾಗ ನಿನ್ನ ಲುಯಿಸ್ ಮತ್ತು ಮೂವರು, ಪ್ರವಾಸಿಗಳು ಐಸ್‌ಕ್ರೀಂ ತಿನ್ನುತ್ತ ನಿಂತಿದ್ದ ಕಡೆಯಲ್ಲೇ, ಅವನನ್ನು ಹಿಡಿದುಕೊಂಡರು. ಕೈಯಲ್ಲಿ ಮೊನೆ ಕೋಲುಗಳಿದ್ದವು, ಬೆಟ್ಟ ಹತ್ತುವಾಗ ಹಿಡಿಯುತ್ತಾರಲ್ಲ, ಅವು. ಅವನು ಬಿದ್ದ ಮೇಲೂ ನಿಲ್ಲಿಸಲಿಲ್ಲ. ಒಂದು ಮೊನೆ ಎಡಗಣ್ಣಿಗೆ ಹೋಯಿತು. 'ಕಾಸಿ ನಮಸ್ಕಾರ ಹೇಳಿದಾನೆ' ಎಂದು ಲುಯಿಸ್ ಕಿವಿಯಲ್ಲಿ ಕೂಗಿದನಂತೆ. ಅದನ್ನು ವಿಗಿಲ್ ಆಸ್ಪತ್ರೆಯಲ್ಲಿ ನನಗೆ ಹೇಳಿದ. ಕಣ್ಣನ್ನು ತೆಗೆದುಹಾಕಿದ್ದಾರೆ.

ಈಗ ಕೂತುಕೋ. ನಿಂತಿದ್ದರೆ ಕೂತುಕೋ.

ಆ ಗಲಾಟೆಯ ದಿನ ಪೊಲೀಸರಿಗೆ ಫೋನ್ ಮಾಡಿದ್ದು ವಿಗಿಲ್ ಅಲ್ಲ, ನಾನು. ಅಪ್ಪ ಎರಡನೆಯ ಗುಂಡನ್ನು ಆಕಾಶಕ್ಕೆ ಹಾರಿಸುವುದಿಲ್ಲ ಅನ್ನಿಸಿತ್ತು, ಅದಕ್ಕೆ.

ತಂತಿ ಕಟ್ಟಿದ್ದು ಅಪ್ಪ. ವಿಗಿಲ್‌ನ ಸುರುಳಿಯಿಂದ ಒಂದು ತುಂಡು ತಂದಿದ್ದನ್ನು ನಾನೇ ನೋಡಿದ್ದೆ, ಮೇಕೆ ಕೊಟ್ಟಿಗೆಗೆ ಅಂದುಕೊಂಡೆ. ಆ ಗುರುವಾರ ಬೆಳಿಗ್ಗೆ ಯುಡಿತ್ ನಮ್ಮಲ್ಲೇ ತಿಂಡಿ ತಿಂದಳು. ಮೋಡ ಕಟ್ಟಿತ್ತು, ಗುಡುಗುತ್ತಿತ್ತು. 'ಬುರ್ಗಿ ಅಕ್ಕ, ಇವತ್ತೊಂದು ದಿನ ಸೈಕಲ್ ಮೇಲೇ ಇಳಿದುಬಿಡ್ಲಾ?' ಎಂದು ಕೇಳಿದಳು. ಹೋಗು, ದಾರಿ ಖಾಲಿ ಇದೆ ಎಂದು ನಾನು ಹೇಳಿದೆ.

ಟೊಂಗೆ ಕಂಡಾಗಲೇ ನನಗೆ ಗೊತ್ತಾಯಿತು. ಅಣಕಕ್ಕೆ ಟೊಂಗೆ ಇಡುವವನು ಅದನ್ನು ತುರುಕುತ್ತಿದ್ದ. ಇದನ್ನು ಯಾರೋ ಮೆಲ್ಲಗೆ ಇಟ್ಟಿದ್ದರು, ಅವಳ ತಲೆಗೂದಲನ್ನೂ ಮುಖದಿಂದ ಸರಿಸಿದ್ದರು. ನಾನು ಒಂದು ತಿಂಗಳು ಕೇಳಲಿಲ್ಲ. ವಿಗಿಲ್‌ನನ್ನು ನೋಡಿ ಬಂದ ದಿನ ಕೇಳಿದೆ. ಅಪ್ಪ ಮುಚ್ಚಿಡಲಿಲ್ಲ.

'ಆ ಮೂವರು ಬರ್ತಾರೆ ಅಂತ ಮೇಲೆ ಕೂತಿದ್ದೆ. ಸದ್ದು ಕೇಳಿ ಇಳಿದೆ. ಇವಳು. ಇನ್ನೂ ಜೀವ ಇತ್ತು, ನನ್ನನ್ನೇ ನೋಡ್ತಿದ್ಲು. ಕೈ ಹಿಡ್ಕೊಂಡು ಕೂತೆ. ಹೋದ ಮೇಲೆ ಹಾಗೇ ಬಿಟ್ಟು ಬರೋಕೆ ಆಗ್ಲಿಲ್ಲ ಮಗಳೇ. ನಂಗೆ ಬೇರೆ ಏನು ಗೊತ್ತು?'

ನಾನು ಅವರ ಕೆನ್ನೆಗೆ ಹೊಡೆದೆ. ಅಪ್ಪನ ಕೆನ್ನೆಗೆ. ಇನ್ನೊಂದು ಸಲ ಹೊಡೆದೆ. ಅವರು ತಡೆಯಲಿಲ್ಲ.

ಈ ಯೋಚನೆ ಯಾವ ತಲೆಯಲ್ಲಿ ಹುಟ್ಟುತ್ತದೆ ಎಂದು ನೀನು ಕೇಳಿದ್ದೆ. ನಿನ್ನ ತಲೆಯಲ್ಲಿ, ಕಾಸಿ. ಜೂನ್ ಕಾಗದದಲ್ಲಿ. ನಾನೇ ಓದಿದ್ದು, ಎರಡು ಸಲ, ನಗುತ್ತ. ನೀನು ಮರೆತೆ. ಅಪ್ಪ ಮರೆಯಲಿಲ್ಲ.

ವಿಗಿಲ್ ಮೇಲಿನ ಕೇಸು ಹೋಗಿಲ್ಲ. ಮತ್ತೆ ಹಿಡಿಯುತ್ತಾರಂತೆ, ಇಲ್ಲವೇ ನಿನ್ನ ಹುಡುಗರು ಇನ್ನೊಂದು ಕಣ್ಣನ್ನೂ ತೆಗೆಯುತ್ತಾರೆ. ನಾನು ಪೊಲೀಸರಿಗೆ ಹೇಳಬೇಕು. ಒಬ್ಬಳೇ ಹೇಳಲು ಧೈರ್ಯ ಸಾಲದು. ಹೇಳು ಅಕ್ಕ ಎಂದು ನೀನೂ ಒಂದು ಮಾತು ಬರೆ. ಕಾಯುತ್ತೇನೆ.

ಬುರ್ಗಿ


ವಾನಾಕ
18 ಸೆಪ್ಟೆಂಬರ್ 1994

ಬುರ್ಗಿ,

ಹೇಳಬೇಡ.

ಕುಡಿದು ಬರೆದ ತಮಾಷೆಯನ್ನು ಹಿಡಿದುಕೊಂಡು ನನ್ನನ್ನು ಕೊಲೆಗಾರನನ್ನಾಗಿ ಮಾಡುತ್ತೀಯಾ? ಪ್ರಪಂಚದಲ್ಲಿ ಎಲ್ಲರೂ ಇಂಥ ಮಾತು ಆಡುತ್ತಾರೆ. ಯಾರೂ ಎದ್ದು ಹೋಗಿ ತಂತಿ ಕಟ್ಟುವುದಿಲ್ಲ. ಅದನ್ನು ನೀನು ಓದಬಾರದಿತ್ತು. ಎರಡನೆಯ ಸಲವಂತೂ ಓದಲೇಬಾರದಿತ್ತು.

ವಿಗಿಲ್‌ನ ಕಣ್ಣು ಹೋಗಿದೆ, ನೀನು ಬಾಯಿ ಬಿಟ್ಟರೆ ವಾಪಸ್ ಬರುವುದಿಲ್ಲ. ಹುಡುಗಿಯೂ ಬರುವುದಿಲ್ಲ. ಅಪ್ಪನಿಗೆ ಅರುವತ್ತೇಳು. ಜೈಲಿನಲ್ಲಿ ಒಂದು ಚಳಿಗಾಲ ಕಳೆದರೆ ಹೆಣವೇ ಹೊರಗೆ ಬರುವುದು. ಲುಯಿಸ್‌ಗೆ ಫೋನ್ ಮಾಡಿದ್ದೇನೆ, ವಿಗಿಲ್‌ನ ತಂಟೆಗೆ ಇನ್ನು ಹೋಗುವುದಿಲ್ಲ. ಇಷ್ಟು ಸಾಕು. ಸುಮ್ಮನಿರು.

ನೀನು ಠಾಣೆಯ ಮೆಟ್ಟಿಲು ಹತ್ತಿದರೆ ನನಗೆ ಅಕ್ಕನಿಲ್ಲ. ಬಂದ ದಿನ ನಿನ್ನ ಆ ಮನೆಗೆ ನಾನೇ ಬೆಂಕಿ ಇಡುತ್ತೇನೆ. ಇದು ತಮಾಷೆಯಲ್ಲ.

ಇದನ್ನು ಅಪ್ಪನಿಗೆ ಓದಬೇಡ.

ಕಾಸಿಯಾನ್


ಹುಂಗರ್‌ಬುರ್ಗ್ ಮೇಲಿನ ಮನೆ
2 ಅಕ್ಟೋಬರ್ 1994

ಕಾಸಿಯಾನ್,

ಓದಿದೆ. ಗುರುವಾರ ಮಧ್ಯಾಹ್ನ, ಊಟದ ಹೊತ್ತಿಗೆ, ಯಾವಾಗಲೂ ಓದುವ ಹಾಗೆ. ಓದಬೇಡ ಎನ್ನುವ ಸಾಲನ್ನೂ ಓದಿದೆ. ನಾನು ಇನ್ನು ಈ ಮನೆಯಲ್ಲಿ ಯಾವುದನ್ನೂ ಬಿಟ್ಟು ಓದುವುದಿಲ್ಲ.

ಅಪ್ಪ ಬಾರ್ಲಿ ಸೂಪನ್ನು ಪೂರ್ತಿ ಕುಡಿದರು. ಎಷ್ಟೋ ದಿನಗಳ ಮೇಲೆ. ಬಾಯಿ ಒರೆಸಿಕೊಂಡು, 'ಇವನ ಮಾತನ್ನ ಒಂದು ಸಲ ಕೇಳಿದ್ದು ಸಾಕು' ಅಂದರು. ನೀರು ಕಾಯಿಸು ಅಂದರು. ಗಡ್ಡ ಬೋಳಿಸಿಕೊಂಡರು. ಶುಕ್ರವಾರ ಬೆಳಿಗ್ಗೆ ಹಬ್ಬಕ್ಕೆ ಹಾಕುವ ಬೂದು ಕೋಟು ಹಾಕಿ, ಗರಿ ಇರುವ ಟೋಪಿ ಇಟ್ಟುಕೊಂಡರು. ನಾನು ಎಳೆದುಕೊಂಡು ಹೋಗಬೇಕಾಗುತ್ತದೆ ಅಂದುಕೊಂಡಿದ್ದೆ, ಅವರು ನನಗಿಂತ ಮುಂದೆ ನಡೆದರು. ತಿರುವಿನಲ್ಲಿ ನಿಲ್ಲಲಿಲ್ಲ. ನಿಂತಿದ್ದರೆ ನಾನು ಅವರನ್ನು ವಾಪಸ್ ಕರೆದುಕೊಂಡು ಬಂದುಬಿಡುತ್ತಿದ್ದೆನೋ ಏನೋ.

ಪೇಟೆಯಲ್ಲಿ ನಿನಗೆ ಗೊತ್ತಿರುವ ಜಾತ್ರೆಯೇ. ಬಂಗಾರದ ಚಾವಣಿಯ ಕೆಳಗೆ ದಾಟುವಾಗ ಒಬ್ಬ ಇಟಲಿಯ ಹೆಂಗಸು ಅಪ್ಪನ ಕೋಟು ಟೋಪಿ ನೋಡಿ, ಅಜ್ಜ ನಮ್ಮ ಜೊತೆ ಒಂದು ಫೋಟೊಗೆ ನಿಲ್ಲುತ್ತಾರಾ ಎಂದು ಸನ್ನೆಯಲ್ಲಿ ಕೇಳಿದಳು. ನಾನು ಬೇಡ ಎಂದು ಹೇಳುವಷ್ಟರಲ್ಲಿ ಅಪ್ಪ ಹೋಗಿ ನಿಂತರು. ಅವಳ ಗಂಡ, ಇಬ್ಬರು ಮಕ್ಕಳು, ನಡುವೆ ನಮ್ಮ ಅಪ್ಪ. ಚಿಕ್ಕದನ್ನು ಅವರ ಕೈಗೇ ಕೊಟ್ಟರು. ಅದು ಗರಿ ಎಳೆಯಿತು. ಆಮೇಲೆ ಅಪ್ಪ ಮಗುವನ್ನು ಜೋಪಾನವಾಗಿ ಕೆಳಗಿಳಿಸಿ, ಬೀದಿ ದಾಟಿ ಠಾಣೆಗೆ ಹೋಗಿ, 'ಹುಂಗರ್‌ಬುರ್ಗ್ ಮೇಲಿನ ರೋಮೆಡ್ ನಾನು, ಆ ಹುಡುಗಿ ಕೊಂದವನು' ಅಂದರು. ಬರೆದುಕೊಳ್ಳುವವನಿಗೆ ಪೆನ್ನು ಸಿಗಲಿಲ್ಲ, ಸ್ವಲ್ಪ ಹೊತ್ತು ಎಲ್ಲರೂ ಹುಡುಕಿದರು.

ಯಾರು ಹೇಳಿಕೊಟ್ಟರು ಎಂದು ಕೇಳಿದರು. ನನಗೇ ಹೊಳೆಯಿತು ಎಂದು ಅಪ್ಪ ಹೇಳಿದರು. ನನ್ನ ಕಡೆ ನೋಡಿದರು. ನಾನೂ ಹೌದು ಅಂದೆ. ಇದೊಂದು ಸುಳ್ಳನ್ನು ಅಪ್ಪ ನಿನಗೆ ಕೊಟ್ಟು ಹೋಗಿದ್ದಾರೆ, ಅದನ್ನು ಏನು ಮಾಡುತ್ತೀಯೋ ನೀನೇ ನೋಡಿಕೋ.

ಯುಡಿತ್‌ಳ ತಾಯಿ ನಿನ್ನೆ ಬಂದಿದ್ದಳು. ಮುಖಕ್ಕೆ ಉಗಿದಳು. ನಾನು ಒರೆಸಿಕೊಳ್ಳಲಿಲ್ಲ. ಮಜ್ಜಿಗೆ ಕುಡಿಯಲು ಮಗಳು ಎಲ್ಲಿ ಕೂರುತ್ತಿದ್ದಳು ಎಂದು ಆಮೇಲೆ ಕೇಳಿದಳು, ಅಲ್ಲಿ ಸಂಜೆಯವರೆಗೂ ಕೂತಿದ್ದಳು.

ಬಂದು ಮನೆಗೆ ಬೆಂಕಿ ಇಡುವುದಾದರೆ ಇಡು, ಬೀಗ ಹಾಕಿಲ್ಲ. ಆದರೆ ಮೊದಲು ವಿಗಿಲ್‌ನ ಮನೆಗೆ ಹೋಗು. ಅವನ ಬಲಗಡೆ ನಿಲ್ಲು, ಎಡಗಡೆ ನಿಂತರೆ ಕಾಣುವುದಿಲ್ಲ. ಅಲ್ಲಿಗೆ ಹೋಗದೆ ಇಲ್ಲಿಗೆ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ಬುರ್ಗಿ


ವಿಗಿಲ್‌ನ ಮನೆ
23 ಅಕ್ಟೋಬರ್ 1994

ಅಕ್ಕ,

ಇಲ್ಲಿಂದ ನಿನ್ನ ಅಂಗಳದ ದೀಪ ಕಾಣುತ್ತದೆ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ, ನಿನ್ನ ಬಾಗಿಲ ಮುಂದೆ ನಿಂತರೆ ಇದನ್ನು ಹೇಳಲು ನನ್ನಿಂದಾಗುವುದಿಲ್ಲ. ಹಾಲು ಕೊಡಲು ಬರುವವಳ ಕೈಯಲ್ಲಿ ಕಳಿಸುತ್ತೇನೆ.

ಬುಧವಾರ ಬಂದೆ. ಮೊದಲು ಠಾಣೆಗೆ ಹೋಗಿ, ಅಪ್ಪನಿಗೆ ಹೊಳೆದದ್ದಲ್ಲ, ನಾನು ಬರೆದದ್ದು ಎಂದು ಹೇಳಿದೆ. ಲುಯಿಸ್‌ಗೆ ಬರೆದ ಕಾಗದದ ವಿಷಯವನ್ನೂ ಹೇಳಿದೆ. ಎಲ್ಲ ಬರೆದುಕೊಂಡು ಸಹಿ ಹಾಕಿಸಿಕೊಂಡರು, ಊರು ಬಿಟ್ಟು ಹೋಗಬೇಡ, ವಿಚಾರಣೆಗೆ ಕರೆಯುತ್ತೇವೆ ಅಂದರು. ಅಪ್ಪನನ್ನು ನೋಡಲು ಬಿಟ್ಟರು. ಬುರ್ಗಿ ಓದಿದಾಗ ನಾನು ನಗಬಾರದಿತ್ತು ಕಣೋ ಎಂದು ಅವರೇ ನನ್ನ ಹತ್ತಿರ ಕ್ಷಮೆ ಕೇಳುವ ಹಾಗೆ ಮಾತಾಡಿದರು. ನನಗೆ ನಮ್ಮಿಬ್ಬರ ನಡುವಿದ್ದ ಗಾಜಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಚ್ಚಿಕೊಂಡೆ, ಕಾವಲಿನವರು ಹಿಡಿದುಕೊಂಡರು.

ಆಮೇಲೆ ಇಲ್ಲಿಗೆ ಬಂದೆ. ವಿಗಿಲ್ ಅಂಗಳದಲ್ಲಿ ಸೌದೆಯ ಮುಂದೆ ಕೂತಿದ್ದ. ನೀನು ಹೇಳಿದ ಹಾಗೆ ಬಲಗಡೆ ನಿಂತೆ. ನಾನು ಕಾಸಿ ಅಂದೆ, ಅಷ್ಟೇ. ಅವನು ಎದ್ದು ನಿಂತ.

'ಹತ್ರ ಬಾ' ಅಂದ. ಹೋದೆ. ಕೈ ಬೀಸಿದ. ಮೊದಲ ಏಟು ಗಾಳಿಗೆ ಹೋಯಿತು. 'ಒಂದು ಕಣ್ಣಲ್ಲಿ ದೂರ ಗೊತ್ತಾಗಲ್ಲ' ಅಂದ. ಮತ್ತೆ ಬೀಸಿದ, ಅದೂ ತಪ್ಪಿತು, ಅವನೇ ಮುಗ್ಗರಿಸಿದ. ಅವನ ತೋಳು ಹಿಡಿದು ನಿಲ್ಲಿಸಿದೆ. ನಾನು ಜನ್ಮದಲ್ಲಿ ಎಷ್ಟು ಜನಕ್ಕೆ ಹೊಡೆದಿದ್ದೇನೆ, ಯಾವತ್ತೂ ಏಟಿಗೆ ಮುಖ ಕೊಟ್ಟು ನಿಂತವನಲ್ಲ. ಅವನ ಮುಷ್ಟಿಯನ್ನು ತೆಗೆದುಕೊಂಡು ನನ್ನ ದವಡೆಗೆ ಮುಟ್ಟಿಸಿ, ಇಲ್ಲಿ ಎಂದು ತೋರಿಸಿದೆ.

ಮೂರನೆಯದು ಸರಿಯಾಗಿ ಬಿತ್ತು. ಆಮೇಲಿನವೂ ಬಿದ್ದವು. ಒಂದು ಹಲ್ಲು ಹೋಗಿದೆ, ಇನ್ನೊಂದು ಅಲುಗಾಡುತ್ತಿದೆ.

ಅವನಿಗೆ ಕೊಡಲಿ ಬೀಸಲು ಆಗುವುದಿಲ್ಲ, ದಿಮ್ಮಿ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗುವುದಿಲ್ಲ. ಚಳಿಗಾಲದ ಸೌದೆ ಒಂದೂ ಸೀಳಿಲ್ಲ. ಕೊಟ್ಟಿಗೆಯಲ್ಲಿ ಮಲಗು ಅಂದಿದ್ದಾನೆ. ಠಾಣೆಯವರು ಕರೆಯುವವರೆಗೆ ಇಲ್ಲೇ ಇರುತ್ತೇನೆ.

ಕಾಸಿ